ಹಳೆಯ ಡೆಲ್ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಅಂಗಡಿಯವರ ಸಲಹೆ ಒಪ್ಪಬಹುದೇ?

ಮಂಡ್ಯದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ಪ್ರಯೋಗಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಮನೆಯ ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಮಕ್ಕಳಿಗೆ ಕಳಿಸುವ ರೂಢಿಯಿದೆ. ಯಂತ್ರ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 9020: ದೊಡ್ಡ ಕ್ಯಾಬಿನೆಟ್, ಐ5-4590 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಹೊಸ ಮೊಬೈಲಿನ ವಿಡಿಯೊವನ್ನು ಟೈಮ್‌ಲೈನಿಗೆ ಎಳೆದರೆ ಚಿತ್ರ ತಡೆತಡೆದು ಓಡುತ್ತದೆ, ಧ್ವನಿ ಮಾತ್ರ ಮುಂದೆ ಹೋಗಿಬಿಡುತ್ತದೆ. ಇಲ್ಲಿನ ಅಂಗಡಿಯವರೊಬ್ಬರು ಜಿಟಿ 730 ಕಾರ್ಡಿನ 4 ಜಿಬಿ ಮಾದರಿಯನ್ನೂ 500 ವ್ಯಾಟಿನ ಎಸ್‌ಎಂಪಿಎಸ್ಸನ್ನೂ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಹಾಕಿಸಲು ಹೇಳುತ್ತಿದ್ದಾರೆ. ಒಟ್ಟು ಖರ್ಚು 12,000 ರೂಪಾಯಿ ದಾಟಬಾರದು.

ಸರಸ್ವತಿಪುರಂ, ಮೈಸೂರು:
ಮೇಷ್ಟ್ರೇ, ದಯವಿಟ್ಟು ಎರಡನ್ನೂ ಕೊಳ್ಳಬೇಡಿ. ಈಗಿನ ಹಲವು ಮೊಬೈಲುಗಳು ಎಚ್‌ಇವಿಸಿ ಎಂಬ, ವಿಡಿಯೊವನ್ನು ಬಹಳ ಕುಗ್ಗಿಸಿಡುವ ರೂಪದಲ್ಲಿ ಚಿತ್ರೀಕರಿಸುತ್ತವೆ. ನಿಮ್ಮ ನಾಲ್ಕನೆಯ ತಲೆಮಾರಿನ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸಿನಲ್ಲಿ ಅದನ್ನು ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಇಲ್ಲದ ಕಾರಣ ಇಡೀ ಭಾರ ಪ್ರೊಸೆಸರಿನ ನಾಲ್ಕು ಕೋರ್‌ಗಳ ಮೇಲೆ ಬೀಳುತ್ತದೆ. 2014ರ ಜಿಟಿ 730ರಲ್ಲೂ ಆ ಸರ್ಕ್ಯೂಟ್ ಇಲ್ಲ. ಡಬ್ಬಿಯ ಮೇಲೆ 4 ಜಿಬಿ ಎಂದು ಎಷ್ಟು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಅದು ಮೆಮೊರಿಯ ಅಳತೆಯೇ ಹೊರತು ಕಾರ್ಡಿನ ಶಕ್ತಿಯಲ್ಲ.

ಎಸ್‌ಎಂಪಿಎಸ್ ವಿಚಾರ ಇನ್ನೂ ತೊಡಕಿನದು. ಪಕ್ಕದ ಮುಚ್ಚಳ ತೆಗೆದು ನೋಡಿ: ಮದರ್‌ಬೋರ್ಡಿಗೆ ಹೋಗುವ ಮುಖ್ಯ ಕನೆಕ್ಟರ್ ಸಾಮಾನ್ಯ 24 ಪಿನ್‌ನದಲ್ಲ, ಡೆಲ್‌ನವರದೇ ಆದ 8 ಪಿನ್‌ನದು. ಬೇರೆ ಅಡಾಪ್ಟರ್ ಇಲ್ಲದೆ ಮಾರುಕಟ್ಟೆಯ ಎಸ್‌ಎಂಪಿಎಸ್ ಅದಕ್ಕೆ ಕೂರುವುದೇ ಇಲ್ಲ. ಈಗಿರುವ 290 ವ್ಯಾಟಿನದನ್ನೇ ಉಳಿಸಿಕೊಂಡು, ಕಾರ್ಡ್ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ನಡೆಯುವ ಕಾರ್ಡನ್ನು ಆರಿಸಿಕೊಳ್ಳುವುದು ಲೇಸು. ನನ್ನ ಆಯ್ಕೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650. ಅದರಲ್ಲಿ ಹೆಚ್ಚುವರಿ 6 ಪಿನ್ ವೈರ್ ಬೇಡುವ ಮಾದರಿಗಳೂ ಇರುವುದರಿಂದ ಕಾರ್ಡಿನ ಅಂಚನ್ನು ನೋಡಿಯೇ ಹಣ ಕೊಡಿ. ಆರ್‌ಎಕ್ಸ್ 6400 ಕೇವಲ 53 ವ್ಯಾಟ್ ಎಂದು ಯಾರಾದರೂ ಹೇಳಬಹುದು, ಆದರೆ ಅದರಲ್ಲಿ ಎಡಿಟ್ ಮಾಡಿದ್ದನ್ನು ಮತ್ತೆ ಕುಗ್ಗಿಸಿ ಫೈಲ್ ಮಾಡುವ ವಿಡಿಯೊ ಎನ್‌ಕೋಡರ್ ಇಲ್ಲ. ಎಡಿಟಿಂಗ್ ಮಾಡುವವರಿಗೆ ಅದು ತಕ್ಕದ್ದಲ್ಲ.

ಕುವೆಂಪುನಗರದವರು:
ಖರ್ಚು ಮಾಡುವ ಮೊದಲು ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್‌ಇವಿಸಿಯನ್ನು ನಿಲ್ಲಿಸಿ, ಹಳೆಯ ರೂಪವಾದ ಎಚ್.264ರಲ್ಲಿ, 1080ಪಿ ಅಳತೆಯಲ್ಲಿ ಒಂದು ತುಣುಕು ತೆಗೆದು ನೋಡಿ. ನಿಮ್ಮ ಪ್ರೊಸೆಸರ್ ಅದನ್ನು ಸಲೀಸಾಗಿ ಬಿಡಿಸಬಲ್ಲದು. ಆಗ ಕಾರ್ಡಿನ ಹಣದಲ್ಲಿ ಒಂದು ಸಾಟಾ ಎಸ್‌ಎಸ್‌ಡಿ ಮತ್ತು ಇನ್ನೊಂದು 8 ಜಿಬಿ ಡಿಡಿಆರ್3 ರ‍್ಯಾಮ್ ತೆಗೆದುಕೊಂಡರೆ ಇಡೀ ಯಂತ್ರವೇ ಚುರುಕಾಗುತ್ತದೆ. ಈ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಿರುವಾಗ ಇದರ ಮೇಲೆ ಬಹಳ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಮಂಡ್ಯದ ಮೇಷ್ಟ್ರು:
ಇಬ್ಬರಿಗೂ ಧನ್ಯವಾದಗಳು. ಸೆಟ್ಟಿಂಗ್ ಬದಲಿಸಿದ ಮೇಲೆ ಹೊಸ ತುಣುಕುಗಳು ಸರಾಗವಾಗಿ ಓಡುತ್ತಿವೆ. ಆದರೆ ಹಿಂದೆ ತೆಗೆದ ಎಚ್‌ಇವಿಸಿ ವಿಡಿಯೊಗಳು ಬಹಳಷ್ಟಿವೆ. ಪರಿಚಿತರೊಬ್ಬರು ಜಿಟಿಎಕ್ಸ್ 1050 ಟಿಐ ಕೊಡುತ್ತೇನೆ ಎನ್ನುತ್ತಿದ್ದಾರೆ, ತೆಗೆದುಕೊಳ್ಳಲೇ?

ಸರಸ್ವತಿಪುರಂ, ಮೈಸೂರು:
ಬೆಲೆ ಜಿಟಿಎಕ್ಸ್ 1650 ಕಾರ್ಡಿನದಕ್ಕಿಂತ ಗಣನೀಯವಾಗಿ ಕಡಿಮೆಯಿದ್ದರೆ ಮಾತ್ರ. ಅದೂ ಎಚ್‌ಇವಿಸಿ ಬಿಡಿಸುತ್ತದೆ, ಆದರೆ 2016ರ ಆ ಪೀಳಿಗೆಗೆ ಎನ್‌ವಿಡಿಯಾ 2025ರ ಅಕ್ಟೋಬರ್ ನಂತರ ಭದ್ರತಾ ಅಪ್‌ಡೇಟುಗಳನ್ನಷ್ಟೇ ಕೊಡುತ್ತಿದೆ. ಹಳೆಯ ಕಾರ್ಡುಗಳ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತಿದ್ದಿ 1050 ಟಿಐ ಎಂದು ಮಾರುವವರೂ ಇರುವುದರಿಂದ, ಅವರ ಮನೆಯಲ್ಲೇ ಕಾರ್ಡ್ ಹಾಕಿಸಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ನೋಡಿ. 768 ಶೇಡರ್‌ಗಳು (ಕಾರ್ಡಿನ ಲೆಕ್ಕ ಮಾಡುವ ಘಟಕಗಳು) ಕಾಣಿಸಬೇಕು, ಹೆಸರಿನ ಮುಂದೆ 'ಫೇಕ್' ಎಂದು ಬಂದರೆ ಅಲ್ಲಿಂದ ಹೊರಡಿ. ಹಾಕಿಸಿದ ಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಹಾರ್ಡ್‌ವೇರ್ ಡಿಕೋಡಿಂಗನ್ನು (ಕಾರ್ಡೇ ವಿಡಿಯೊ ಬಿಡಿಸುವ ವ್ಯವಸ್ಥೆ) ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ.