ಲಕ್ಸೆಂಬರ್ಗಿನ ಎ13 ಹೆದ್ದಾರಿ: ಯಾವ ಊರು, ಯಾವ ಜಿಲ್ಲೆ ಮುಟ್ಟುತ್ತೆ?

ಸಂಡೂರು ಟಿಪ್ಪರ್:
ನಮಸ್ಕಾರ. ಸಂಡೂರಿನವನು, ಮೈನ್ಸ್ ಲಾರಿ ಓಡಿಸಿಯೇ ಮನೆ ಕಟ್ಟಿದವನು. ಮಗಳು, ಅಳಿಯ ಲಕ್ಸೆಂಬರ್ಗಿನ ಎಶ್ ಊರಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನು, ಮನೆಯವಳು ಹೋಗುತ್ತಿದ್ದೇವೆ. ಅಲ್ಲಿಂದ ಷೆಂಗೆನ್‌ಗೆ ಎ13 ಅಂತ ರೋಡಿದೆಯಂತೆ. ಎಷ್ಟು ಉದ್ದ? ಯಾವ ಜಿಲ್ಲೆಗಳನ್ನು ಜೋಡಿಸುತ್ತೆ? ಟೋಲ್ ಎಷ್ಟು ಬೀಳುತ್ತೆ? ಅಳಿಯ ಕಾರು ಕೊಡ್ತೀನಿ ಅಂತಾನೆ, ಮಗಳು ಬೇಡವೇ ಬೇಡ ಅಂತಾಳೆ.

ತೋರಣಗಲ್ಲು_ಪ್ಲಾಂಟ್:
ಕಾರಿಗೆ ಟೋಲೇ ಇಲ್ಲ ಅಣ್ಣಾ. ಎ13 ಪೂರ್ತಿ ಸೇರಿದರೂ ಸುಮಾರು 42 ಕಿ.ಮೀ. ದೇಶವೇ 2,586 ಚದರ ಕಿ.ಮೀ., ವಿಜಯನಗರ ಬೇರೆಯಾದ ಮೇಲೆ ಉಳಿದ ನಮ್ಮ ಬಳ್ಳಾರಿ ಜಿಲ್ಲೆಗಿಂತಲೂ ಚಿಕ್ಕದು. ಪಶ್ಚಿಮಕ್ಕೆ ಪೆಟಾಂಜ್ ಹತ್ತಿರ ಶುರುವಾಗಿ, ಎಶ್, ಡ್ಯುಡೆಲಾಂಜ್ ಪಕ್ಕದಲ್ಲೇ ಹಾದು, ಮಾಂಡಾರ್ಫ್ ದಾಟಿ ಷೆಂಗೆನ್ ಸೇರುತ್ತೆ. ಅಲ್ಲಿ ಮೂರು ಜಿಲ್ಲೆ ಇದ್ದವು, 2015ರಲ್ಲಿ ತೆಗೆದುಹಾಕಿದರು. ಈಗಿರುವುದು 12 ಕ್ಯಾಂಟನ್, ನಮ್ಮ ತಾಲೂಕು ಇದ್ದ ಹಾಗೆ. ಈ ರೋಡು ಎಶ್ ಮತ್ತು ರೆಮಿಶ್ ಕ್ಯಾಂಟನ್‌ಗಳದ್ದು.

ನೀವು ನೋಡಬೇಕಾದ್ದು ಷೆಂಗೆನ್ ಅಲ್ಲ, ಎಶ್ ಸುತ್ತಮುತ್ತಲನ್ನೇ. ಅದೂ ಕೆಂಪು ಮಣ್ಣಿನ ಸೀಮೆ, ಅದಿರಿನಿಂದಲೇ ಬೆಳೆದದ್ದು. ಅವರ ಅದಿರಿನಲ್ಲಿ ಕಬ್ಬಿಣ ಶೇ. 30ರ ಆಸುಪಾಸು, ಜೊತೆಗೆ ರಂಜಕದ (ಫಾಸ್ಫರಸ್) ಕಾಟ. ನಮ್ಮ ಸಂಡೂರಿನ ಒಳ್ಳೆ ಮಾಲು ಶೇ. 60ರ ಮೇಲೆ. 1870ರ ದಶಕದ ಕೊನೆಗೆ ಥಾಮಸ್ ಅನ್ನುವವನು ರಂಜಕ ತೆಗೆಯುವ ದಾರಿ ಕಂಡುಹಿಡಿದ ಮೇಲೇ ಅವರ ಅದಿರಿಗೆ ಬೆಲೆ ಬಂದಿದ್ದು. ಕಡೇ ಗಣಿ 1981ರಲ್ಲಿ ಮುಚ್ಚಿತು. ಎಶ್‌ನ ಬೆಲ್ವಾಲ್‌ನಲ್ಲಿ ಕಡೇ ಬ್ಲಾಸ್ಟ್ ಫರ್ನೇಸ್, ಅಂದರೆ ಅದಿರು ಕರಗಿಸುವ ದೊಡ್ಡ ಕುಲುಮೆ, 1997ರಲ್ಲಿ ಆರಿತು. ಒಂದನ್ನು ಬಿಚ್ಚಿ ಚೀನಾಕ್ಕೆ ಮಾರಿದರು! ಉಳಿದೆರಡು ಹಾಗೇ ನಿಂತಿವೆ, ಸುತ್ತ ಯೂನಿವರ್ಸಿಟಿ. ಒಂದರ ಮೇಲೆ ಹತ್ತಿ ನೋಡಬಹುದು. ಗಣಿ ಮುಗಿದ ಮೇಲೆ ಮುಂದೇನು ಅಂತ ನಮ್ಮ ಕಡೆ ಕೇಳಿ ನೋಡಿ, ಮಾತು ತಿರುಗಿಸುತ್ತಾರೆ.

ಸ್ಟೇರಿಂಗ್ ಮಾತ್ರ ಅಳಿಯನ ಕೈಗೇ ಬಿಡಿ. ಬಲಗಡೆ ಓಡಿಸಬೇಕು, 130ರವರೆಗೆ ಹೋಗ್ತಾರೆ. ಮಳೆ ಬಂದರೆ 110.

ಸಿರುಗುಪ್ಪ ಅಕ್ಕ:
ಮಗಳು ಹೇಳೋದೇ ಸರಿ ಸಾರ್! 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮ್, ರೈಲು ಎಲ್ಲಾ ಪುಕ್ಕಟೆ. ಹೆಂಗಸರು, ಗಂಡಸರು, ಹೊರಗಿಂದ ಬಂದವರು ಅಂತ ಭೇದ ಇಲ್ಲ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು. ಆದರೂ ಷೆಂಗೆನ್ ಬಿಡಬೇಡಿ. ಮೊಸೆಲ್ ನದಿ ದಂಡೆ, ಗುಡ್ಡದ ತುಂಬಾ ದ್ರಾಕ್ಷಿ. 1985ರಲ್ಲಿ ಐದು ದೇಶದವರು ಅಲ್ಲೇ ಹಡಗಿನಲ್ಲಿ ಕೂತು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದ್ದು. ನಿಮ್ಮ ಪಾಸ್‌ಪೋರ್ಟಿನ ವೀಸಾ ಮೇಲೂ ಅದೇ ಊರಿನ ಹೆಸರು. ಕಾರಲ್ಲೇ ಹೋದರೆ ಹುಷಾರು, ನದಿ ಸೇತುವೆ ದಾಟಿದರೆ ಜರ್ಮನಿ.

ಸಂಡೂರು ಟಿಪ್ಪರ್:
ಫರ್ನೇಸ್ ನೋಡೋದು ಖಾಯಂ. ಮನೆಯವಳು ದ್ರಾಕ್ಷಿ ತೋಟ ಅಂತಿದ್ದಾಳೆ. ಡೀಸೆಲ್ ಹೈವೇಲಿ ಜಾಸ್ತಿನಾ?

ತೋರಣಗಲ್ಲು_ಪ್ಲಾಂಟ್:
ಇಲ್ಲ ಅಣ್ಣಾ. ಗರಿಷ್ಠ ದರ ಸರ್ಕಾರವೇ ಕಟ್ಟುತ್ತೆ, ಹೈವೇ ಬಂಕಿಗೂ ಅದೇ. ಪಕ್ಕದ ದೇಶದವರು ಗಡಿ ದಾಟಿ ಬಂದು ಟ್ಯಾಂಕ್ ತುಂಬಿಸ್ಕೊಂಡು ಹೋಗ್ತಾರೆ.