ಸ್ಲಾಟ್ ಕಾರಿಗೆ ಪದ್ಮಿನಿ ಬಾಡಿ ಮಾಡಬೇಕು: ಮರವೋ, ಶೀಟೋ? ಬಣ್ಣ ಹೇಗೆ?

ಮಂಡ್ಯಪದ್ಮಿನಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1/32 ಅಳತೆಯ ಹಳೇ ಸ್ಲಾಟ್ ರೇಸಿಂಗ್ ಸೆಟ್ ಇದೆ, ಅಂದರೆ ಟ್ರ್ಯಾಕಿನ ಗಾಡಿಯಲ್ಲಿ ಕರೆಂಟಿನಿಂದ ಓಡುವ ಆಟಿಕೆ ಕಾರುಗಳು. ಅದರಲ್ಲಿ ಒಂದು ಜಿಟಿ ಕಾರಿನ ಬಾಡಿ ಒಡೆದುಹೋಗಿದೆ, ಚಾಸಿ, ಮೋಟಾರು, ಟ್ರ್ಯಾಕಿನ ಗಾಡಿಯಲ್ಲಿ ಕೂರುವ ಗೈಡ್ ಎಲ್ಲಾ ಚೆನ್ನಾಗಿವೆ. ಅದರ ಮೇಲೆ ಪ್ರೀಮಿಯರ್ ಪದ್ಮಿನಿ ಕೂರಿಸಬೇಕು ಅಂತ ಬಹಳ ದಿನದ ಆಸೆ. ಶೋಕೇಸಿಗಲ್ಲ, ಟ್ರ್ಯಾಕಿನಲ್ಲಿ ಓಡಿಸೋಕೆ. ಹಿಂದೆ ಚೆನ್ನೈ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ಫಿಯಟ್‌ಗಳು ರೇಸಿಗೆ ಇಳಿಯುತ್ತಿದ್ದವಲ್ಲ, ಆ ಥರದ್ದು. ಕೆಂಪು ಬಾಡಿ, ಬಾನೆಟ್ಟಿನಿಂದ ಡಿಕ್ಕಿವರೆಗೆ ಎರಡು ಬಿಳಿ ಪಟ್ಟೆ, ಬಾಗಿಲ ಮೇಲೆ ಬಿಳಿ ವೃತ್ತ, ಅದರೊಳಗೆ ಕಪ್ಪು ನಂಬರು.

ಮರದ ಕೆಲಸ ನನಗೆ ಬರುತ್ತದೆ. ಚನ್ನಪಟ್ಟಣ ದೂರವಿಲ್ಲ, ಹಾಲೆ ಮರದ ತುಂಡು ಸಿಗುತ್ತದೆ. ಬಾಡಿಯನ್ನೇ ಮರದಲ್ಲಿ ಕೆತ್ತಿ ಒಳಗೆ ತೋಡಿಬಿಡಲಾ, ಅಥವಾ ಅದನ್ನು ಅಚ್ಚು ಮಾಡಿಕೊಂಡು ಅದರ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಶೀಟ್ ಎಳೆಯಲಾ? ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸ್ಪ್ರೇ ಸಾಕಾ?

ಯಾದವಗಿರಿ ವರ್ಕ್‌ಶಾಪ್

ಪದ್ಮಿನಿ ಅಂದ ತಕ್ಷಣ ಖುಷಿ ಆಯ್ತು. ಆದರೆ ಉಳಿ ಹಿಡಿಯುವ ಮೊದಲು ಸ್ಕೇಲ್ ಹಿಡಿಯಿರಿ. ನಿಜವಾದ ಪದ್ಮಿನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2340 ಮಿಮೀ, ಅಗಲ 1460, ಎತ್ತರ 1468. 32ರಿಂದ ಭಾಗಿಸಿದರೆ ವೀಲ್‌ಬೇಸ್ 73 ಮಿಮೀ, ಅಗಲ ಸುಮಾರು 45 ಮುಕ್ಕಾಲು, ಎತ್ತರ 46. ಅಂದರೆ ಅಗಲ ಎಷ್ಟೋ ಎತ್ತರವೂ ಅಷ್ಟೇ! ಜಿಟಿ ಕಾರಿನ ಚಾಸಿ ಇದಕ್ಕಿಂತ ಅಗಲ, ಚಕ್ರಗಳು ಎರಡೂ ಕಡೆ ಹೊರಗೆ ಚಾಚಿಕೊಂಡು ನಿಲ್ಲುತ್ತವೆ. ಆಕ್ಸಲ್ ಕತ್ತರಿಸಿ ಗಿಡ್ಡ ಮಾಡಬೇಕು, ಇಲ್ಲವೇ ಬಾಡಿಯನ್ನು ಒಂದೆರಡು ಮಿಲಿಮೀಟರ್ ಅಗಲ ಮಾಡಬೇಕು. ನಾನಾದರೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ. ಅಗಲ 48 ಆದರೂ ಕಣ್ಣಿಗೆ ಪದ್ಮಿನಿಯೇ. ರೂಫಿನ ದುಂಡು, ಹಿಂದಿನ ಸಣ್ಣ ರೆಕ್ಕೆ, ಮುಂದಿನ ಗ್ರಿಲ್ ಈ ಮೂರು ಸರಿ ಬಂದರೆ ಯಾರೂ ಸ್ಕೇಲ್ ತರುವುದಿಲ್ಲ.

ಇನ್ನು ತೂಕ. ಇದು ಮುಖ್ಯ. ಎತ್ತರದ, ಕಿರಿದಾದ ಕಾರು ತಿರುವಿನಲ್ಲಿ ಮಗುಚುವುದು ರೂಫಿನ ಭಾರಕ್ಕೆ. ಹಾಲೆ ಮರ ಹಗುರ, ನುಣುಪು, ಆಟಿಕೆಗೆ ಹೇಳಿ ಮಾಡಿಸಿದ್ದು, ಒಪ್ಪುತ್ತೇನೆ. ಆದರೆ ತೋಡಿ ತೋಡಿ ಗೋಡೆಯನ್ನು ಒಂದು ಮಿಲಿಮೀಟರಿಗೆ ತಂದರೆ ಕಿಟಕಿ ಕಂಬಗಳು ಮುರಿಯುತ್ತವೆ, ದಪ್ಪ ಬಿಟ್ಟರೆ ಭಾರ ಮೇಲೆ ಕೂರುತ್ತದೆ. ಆದ್ದರಿಂದ ಮರವನ್ನು ಅಚ್ಚಿಗೆ ಇಟ್ಟುಕೊಳ್ಳಿ, ಬಾಡಿಯನ್ನು ಅರ್ಧ ಮಿಮೀ ಪೆಟ್‌ಜಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಶೀಟಿನಲ್ಲಿ ಎಳೆಯಿರಿ. ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿ, ಬಹಳಷ್ಟು ರೇಸಿಂಗ್ ಬಾಡಿಗಳು ಅದರಲ್ಲೇ ಬರುತ್ತವೆ, ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಮೊದಲು ಗಂಟೆಗಟ್ಟಲೆ ಒಣಗಿಸದೆ ಬಿಸಿ ಮಾಡಿದರೆ ಗುಳ್ಳೆ ಏಳುತ್ತದೆ. ಮನೆಯಲ್ಲಿ ಪೆಟ್‌ಜಿಯೇ ಸುಲಭ.

ಅಚ್ಚನ್ನು ಶೀಟಿನ ದಪ್ಪದಷ್ಟು ಸಣ್ಣದಾಗಿ ಕೆತ್ತಿ. ಬಾಗಿಲ ಕೆಳಗೆ ಬಾಡಿ ಒಳಕ್ಕೆ ಬಾಗುತ್ತದಲ್ಲ, ಅಲ್ಲಿ ಬಾಗಿಸಬೇಡಿ, ನೇರವಾಗಿ ಐದಾರು ಮಿಮೀ ಕೆಳಗೆ ಬಿಡಿ. ಇಲ್ಲದಿದ್ದರೆ ಶೀಟು ಅಚ್ಚನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಹೊಡೆದು, ನೀರು ಕಾಗದದಲ್ಲಿ ಉಜ್ಜಿ, ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ. ಗ್ರಿಲ್ಲಿನ ಮೂಲೆ, ಹೆಡ್‌ಲೈಟಿನ ಸುತ್ತ ಸಣ್ಣ ತೂತು ಕೊರೆದರೆ ಗಾಳಿ ಅಲ್ಲಿಂದಲೂ ಹೊರಗೆ ಹೋಗಿ ಅಂಚುಗಳು ಚೂಪಾಗಿ ಬರುತ್ತವೆ. ಅಚ್ಚಿನ ಕೆಳಗೆ ತೂತಿನ ಪೆಟ್ಟಿಗೆ, ಗಾಳಿ ಎಳೆಯಲು ಅದಕ್ಕೆ ವ್ಯಾಕ್ಯೂಮ್ ಕ್ಲೀನರ್. ಶೀಟು ಬಿಸಿಯಾಗಿ ಜೋತುಬಿದ್ದ ಕೂಡಲೇ ಅಚ್ಚಿನ ಮೇಲೆ ಒತ್ತಿ.

ಸರಸ್ವತಿಪುರಂ32

ಮೇಲಿನವರು ಹೇಳಿದ್ದಕ್ಕೆ ನನ್ನ ಓಟು. ಯಾರಾದರೂ ತ್ರೀಡಿ ಪ್ರಿಂಟ್ ಮಾಡಿ ಅಂತ ಹೇಳಬಹುದು. ತ್ರೀಡಿ ಪ್ರಿಂಟರಿನ ಮಾಮೂಲಿ ಪ್ಲಾಸ್ಟಿಕ್ ಪಿಎಲ್‌ಎಯಲ್ಲಿ ಮಾಡಿದ ಬಾಡಿ ಭಾರವಾಗುತ್ತದೆ, ಗೆರೆ ಗೆರೆ ಉಜ್ಜಬೇಕು, ಮತ್ತೆ ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಗೊತ್ತಲ್ಲ. ಅಚ್ಚಿಗೂ ಬೇಡ, ಬಿಸಿ ಶೀಟಿಗೆ ಅದೂ ಸೊಟ್ಟಗಾಗುತ್ತದೆ.

ಈಗ ಬಣ್ಣ. ಪಾರದರ್ಶಕ ಬಾಡಿಗೆ ಬಣ್ಣ ಒಳಗಿನಿಂದ ಹೊಡೆಯಬೇಕು. ಆಗ ಹೊರಮೈಯೇ ಹೊಳಪು ಕೊಡುತ್ತದೆ, ಕಾರು ಮಗುಚಿ ಉಜ್ಜಿದರೂ ಬಣ್ಣ ಹೋಗುವುದಿಲ್ಲ. ಹಾರ್ಡ್‌ವೇರ್ ಅಂಗಡಿ ಸ್ಪ್ರೇ ಬೇಡ, ಬಾಡಿ ಬಗ್ಗಿದಾಗ ಅದು ಬಿರುಕು ಬಿಟ್ಟು ಉದುರುತ್ತದೆ. ಆರ್‌ಸಿ (ರಿಮೋಟ್) ಕಾರಿನವರು ಬಳಸುವ ಪಾಲಿಕಾರ್ಬೊನೇಟ್ ಬಣ್ಣ ತರಿಸಿ, ಟಮಿಯಾದ ಪಿಎಸ್ ಸರಣಿ ಅದಕ್ಕೇ ಇರುವುದು. ನಿಮ್ಮದು ಪೆಟ್‌ಜಿ ಆದ್ದರಿಂದ ಕತ್ತರಿಸಿ ಉಳಿದ ತುಂಡಿನ ಮೇಲೆ ಒಮ್ಮೆ ಹೊಡೆದು, ಒಣಗಿದ ಮೇಲೆ ಬಗ್ಗಿಸಿ ನೋಡಿ.

ಒಳಗಿನಿಂದ ಹೊಡೆಯುವಾಗ ಕ್ರಮ ಪೂರ್ತಿ ತಿರುಗಾಮುರುಗಾ. ಹೊರಗಿನಿಂದ ಎಲ್ಲಕ್ಕಿಂತ ಮೇಲೆ ಕಾಣಬೇಕಾದದ್ದು ಮೊದಲು. ಪಾತ್ರೆ ತೊಳೆಯುವ ಸೋಪಿನಲ್ಲಿ ಒಳಗೆ ತೊಳೆದು, ಒಣಗಿಸಿ, ಕಿಟಕಿಗಳಿಗೆ ಒಳಗಿನಿಂದ ಮಾಸ್ಕಿಂಗ್ ಟೇಪ್ ಹಾಕಿ. ಮೊದಲು ಬಾಗಿಲ ನಂಬರು ಕಪ್ಪಿನಲ್ಲಿ. ಸ್ಟೆನ್ಸಿಲ್ ಉಲ್ಟಾ ಅಂಟಿಸಬೇಕು ಅನ್ನುವುದು ನೆನಪಿರಲಿ, ಇಲ್ಲದಿದ್ದರೆ 7 ಅಥವಾ 4 ಕನ್ನಡಿಯಲ್ಲಿ ನೋಡಿದ ಹಾಗೆ ಬರುತ್ತದೆ. ಅದು ಒಣಗಿದ ಮೇಲೆ ನಂಬರನ್ನೂ ಸೇರಿಸಿ ವೃತ್ತವನ್ನು ಮುಚ್ಚಿ, ಎರಡು ಪಟ್ಟೆಗೂ ಟೇಪ್ ಹಾಕಿ, ಕೆಂಪು ಹೊಡೆಯಿರಿ. ಕೆಂಪು ಒಣಗಿದ ಮೇಲೆ ವೃತ್ತ, ಪಟ್ಟೆಗಳ ಟೇಪ್ ಕಿತ್ತು ಒಳಗೆಲ್ಲಾ ಬಿಳಿ ಹೊಡೆಯಿರಿ. ನೋಡಿ, ಆ ಒಂದೇ ಬಿಳಿಯಿಂದ ಪಟ್ಟೆಯೂ ಆಯ್ತು, ವೃತ್ತವೂ ಆಯ್ತು, ಕೆಂಪಿನ ಹಿಂದೆ ಬಿಳಿ ಬಿದ್ದು ಕೆಂಪು ಜಾಸ್ತಿ ಬೆಳಗುತ್ತದೆ. ಬಿಳಿ ಮೊದಲು ಹೊಡೆದು ಹಿಂದೆ ಕೆಂಪು ಹಾಕಿದರೆ ತೆಳುವಾದ ಕಡೆ ಪಟ್ಟೆ ಗುಲಾಬಿಯಾಗಿ ಕಾಣುತ್ತದೆ.

ಮೊದಲ ಕೋಟು ಮಂಜಿನಷ್ಟೇ ಇರಲಿ, ಟೇಪಿನ ಅಂಚು ಅದರಿಂದ ಮುಚ್ಚಿಕೊಳ್ಳುತ್ತದೆ. ಆಮೇಲೆ ತೆಳುವಾಗಿ ಇನ್ನೆರಡು ಮೂರು. ಮಳೆ ಹಿಡಿದ ದಿನ ಹೊಡೆಯಬೇಡಿ, ತೇವಕ್ಕೆ ಬಣ್ಣ ಮಬ್ಬಾಗುತ್ತದೆ.

ಮಂಡ್ಯಪದ್ಮಿನಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಿಳಿಯ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ. ಚಾಸಿ ಅಳೆದೆ, ವೀಲ್‌ಬೇಸ್ ಹೊಂದಿಸಬಹುದು, ಆಕ್ಸಲ್ ಮಾತ್ರ ಕತ್ತರಿಸಲೇಬೇಕು. ಇನ್ನೊಂದು ಪ್ರಶ್ನೆ: ಇಷ್ಟು ತೆಳು ಬಾಡಿಯನ್ನು ಚಾಸಿಗೆ ಹಿಡಿಸುವುದು ಹೇಗೆ? ಸ್ಕ್ರೂ ಹಾಕೋಕೆ ಜಾಗವೇ ಇಲ್ಲ. ಮತ್ತೆ ಬಂಪರು, ಗ್ರಿಲ್ಲಿನ ಕ್ರೋಮ್?

ಯಾದವಗಿರಿ ವರ್ಕ್‌ಶಾಪ್

ಸ್ಕ್ರೂ ಬೇಡ. ಚಾಸಿಯ ಎರಡೂ ಪಕ್ಕ ಸಣ್ಣ ಹಿತ್ತಾಳೆ ಟ್ಯೂಬ್ ಅಡ್ಡಡ್ಡ ಕೂರಿಸಿ, ಬಾಡಿಯ ಪಕ್ಕದಿಂದ ಗುಂಡುಪಿನ್ನು ತೂರಿಸಿ. ತೂತಿನ ಹತ್ತಿರ ಒಳಗೂ ಹೊರಗೂ ಪಾರದರ್ಶಕ ಟೇಪ್ ಹಾಕಿದರೆ ಶೀಟು ಹರಿಯುವುದಿಲ್ಲ. ತೂತು ಪಿನ್ನಿಗಿಂತ ಸ್ವಲ್ಪ ದೊಡ್ಡದಿರಲಿ. ಬಾಡಿ ಕೊಂಚ ಅಲ್ಲಾಡಬೇಕು, ಬಿಗಿಯಾಗಿ ಕಟ್ಟಿದರೆ ಚಾಸಿಯ ಪ್ರತಿ ಕುಲುಕಾಟವೂ ರೂಫಿಗೆ ಹೋಗಿ ಕಾರು ಕುಣಿಯುತ್ತದೆ. ಚಾಸಿಯ ಎರಡೂ ಬದಿ ತಳದಲ್ಲಿ ಸೀಸದ ಚೂರು ಅಂಟಿಸಿ, ಒಂದೊಂದೇ ಗ್ರಾಂ ಸೇರಿಸಿ ಓಡಿಸಿ ನೋಡಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಕಿಟಕಿ ಹತ್ತಿರ ಸೂಪರ್ ಗ್ಲೂ ತರಲೇಬೇಡಿ, ಅದರ ಆವಿಗೆ ಗಾಜು ಬೆಳ್ಳಗೆ ಮಬ್ಬಾಗುತ್ತದೆ. ಎಪಾಕ್ಸಿ ಸಾಕು.

ಸರಸ್ವತಿಪುರಂ32

ಕ್ರೋಮ್ ಮಾತ್ರ ಹೊರಗಿನಿಂದ. ಮಾಡೆಲ್ ಮಾಡುವವರು ಬಳಸುವ ಅಂಟಿನ ಲೋಹದ ಹಾಳೆ ತರಿಸಿ, ಬಂಪರಿನ ಮೇಲೆ ಹಾಸಿ, ಹತ್ತಿಯಲ್ಲಿ ಒತ್ತಿ ಒತ್ತಿ ಸವರಿ, ಹೊಸ ಬ್ಲೇಡಿನಲ್ಲಿ ಅಂಚು ಬಿಡಿಸಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ದಪ್ಪ, ಬಾಗಿದ ಕಡೆ ಸುಕ್ಕಾಗುತ್ತದೆ. ಗ್ರಿಲ್ಲಿನ ಸಂದಿಗೆ ನೀರಾಗಿಸಿದ ಕಪ್ಪು ಬಣ್ಣ ಹರಿಸಿ, ಮೇಲಿನದನ್ನು ಬಟ್ಟೆಯಲ್ಲಿ ಒರೆಸಿಬಿಟ್ಟರೆ ಒಂದೊಂದು ಪಟ್ಟಿಯೂ ಎದ್ದು ಕಾಣುತ್ತದೆ.

ನಂಬರ್ ಪ್ಲೇಟಿಗೆ ವಾಟರ್‌ಸ್ಲೈಡ್ ಡೆಕಾಲ್ ಹಾಳೆ (ಪ್ರಿಂಟ್ ಮಾಡಿ, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವಂಥದ್ದು) ತೆಗೆದುಕೊಳ್ಳಿ, ಬಿಳಿಯದೇ ಆಗಿರಲಿ, ಏಕೆಂದರೆ ಮನೆಯ ಪ್ರಿಂಟರ್ ಬಿಳಿ ಬಣ್ಣ ಅಚ್ಚು ಮಾಡುವುದಿಲ್ಲ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮೊದಲು ಮೇಲೆ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆಯಿರಿ, ಇಲ್ಲದಿದ್ದರೆ ಶಾಯಿ ಕರಗಿಹೋಗುತ್ತದೆ. ನೀವು ಮಂಡ್ಯದವರು, ಕೆಎ 11 ಹಾಕಿ. ಆಗ ಮೈಸೂರಿನ ನಮ್ಮ ಕೆಎ 09 ಕಾರಿನ ಪಕ್ಕ ಓಡಿಸೋಣ.