ಸ್ಪ್ಯಾನಿಷ್ ಕಂಡಿಷನಲ್: ಮೊದಲು ಕೋಷ್ಟಕವೋ, ವಾಕ್ಯವೋ? ಕಲಿತವರು ಹೇಳಿ

ಜಯನಗರ_ಸಂಜೆ: ದೆಲೆ ಬಿ1 (ಸ್ಪ್ಯಾನಿಷ್ ಭಾಷೆಯ ಮಧ್ಯಮ ಹಂತದ ಪರೀಕ್ಷೆ) ಬರೆಯೋಕೆ ಇನ್ನು ಏಳು ವಾರ. ದಿನಕ್ಕೆ ಅರ್ಧ ಗಂಟೆ ಸಿಗುತ್ತೆ. ಕಂಡಿಷನಲ್ ('ಹಾಗಿದ್ರೆ ತಿಂತಿದ್ದೆ' ಅನ್ನೋ ರೂಪ) ಬೇಕಾದ ಕಡೆಯೆಲ್ಲ ಕೈ ಇಂಪರ್ಫೆಕ್ಟ್ ('ಆಗೆಲ್ಲ ತಿಂತಿದ್ದೆ' ಅನ್ನೋ ಭೂತಕಾಲ) ಬರೆಯುತ್ತೆ, 'ಕೊಮೆರೀಯಾ' ಹೋಗಿ 'ಕೊಮೀಯಾ' ಆಗುತ್ತೆ. ಕೋಷ್ಟಕ ಬಾಯಿಪಾಠ ಮಾಡಲೋ, ವಾಕ್ಯ ಹಿಡಿದು ಕಲಿಯಲೋ? ನೀವು ಯಾವ ದಾರಿ ಹಿಡಿದಿರಿ, ಎಲ್ಲಿ ಎಡವಿದಿರಿ?

ಹನ್ನೆರಡು_ಬೇರು: ಕೋಷ್ಟಕ. ಎರಡನೇ ಮಾತಿಲ್ಲ. ಆರು ಪ್ರತ್ಯಯ ಎಲ್ಲರಿಗೂ ಬರುತ್ತೆ, ಎಡವೋದು ಹನ್ನೆರಡು ಬೇರುಗಳಲ್ಲಿ. ಐದರಲ್ಲಿ ಸ್ವರ ಬಿದ್ದುಹೋಗುತ್ತೆ: ಕಬ್ರ್-, ಅಬ್ರ್-, ಪೊದ್ರ್-, ಕೆರ್ರ್-, ಸಬ್ರ್-. ಇನ್ನೈದರಲ್ಲಿ ಆ ಸ್ವರದ ಜಾಗಕ್ಕೆ 'ದ' ಬಂದು ಕೂರುತ್ತೆ: ಪೊಂದ್ರ್-, ಸಲ್ದ್ರ್-, ತೆಂದ್ರ್-, ಬಲ್ದ್ರ್-, ಬೆಂದ್ರ್-. ಉಳಿದ ಎರಡು ಪೂರಾ ಕುಗ್ಗುತ್ತವೆ: ದೆಸೀರ್ (ಹೇಳು) 'ದಿರ್-', ಅಸೇರ್ (ಮಾಡು) 'ಅರ್-'. 72 ರೂಪ ಉರು ಹೊಡೆಯೋರು ಸಮಯ ಕಳೀತಾರೆ. 12 ಬೇರು, 6 ಪ್ರತ್ಯಯ, ಒಟ್ಟು 18. ಬೆಳಗ್ಗೆ ಎದ್ದು ಹನ್ನೆರಡೂ ಬೇರು ಕಾಗದದ ಮೇಲೆ 90 ಸೆಕೆಂಡಲ್ಲಿ ಬರೀಬೇಕು. ಒಂದು ತಪ್ಪಿದರೂ ಆವತ್ತು ಮುಂದಿನ ಪಾಠ ಬೇಡ.

ಆಮೇಲೆ ಮರಿ ಕ್ರಿಯಾಪದಗಳು, ಅಂದ್ರೆ ಇವುಗಳ ಮುಂದೆ ಉಪಸರ್ಗ ಸೇರಿ ಆದವು. ಮಂತೆನೇರ್, ದೆತೆನೇರ್, ಒಬ್ತೆನೇರ್ ಎಲ್ಲ 'ತೆನೇರ್' ಹಿಂದೆ ಹೋಗುತ್ತವೆ. ಪ್ರೊಪೊನೇರ್ 'ಪ್ರೊಪೊಂದ್ರೀಯಾ', ಕೊಂಬೆನೀರ್ 'ಕೊಂಬೆಂದ್ರೀಯಾ'. ಮೋಸ ಇರೋದು 'ದೆಸೀರ್' ಮನೆಯಲ್ಲಿ. ಕೊಂತ್ರದೆಸೀರ್ 'ಕೊಂತ್ರದಿರೀಯಾ' ಆಗುತ್ತೆ, ಆದರೆ ಹರಸೋದು, ಶಪಿಸೋದು ಎರಡೂ ನೆಟ್ಟಗೆ 'ಬೆಂದೆಸಿರೀಯಾ', 'ಮಲ್ದೆಸಿರೀಯಾ'. ಇನ್ನು 'ಬೆಂದ್ರೀಯಾ' ಅಂದ್ರೆ ಬರೋದು, 'ಬೆಂದೆರೀಯಾ' ಅಂದ್ರೆ ಮಾರೋದು. ನಡುವೆ ಒಂದೇ ಒಂದು 'ಎ'. ಕೋಷ್ಟಕ ಬಿಟ್ಟವರು ಬರೋ ನೆಂಟರನ್ನ ಮಾರಿಬಿಡ್ತಾರೆ.

ತಿದ್ದೆ_ತಿದ್ದೆ: ಮೇಲಿನ ಉತ್ತರಕ್ಕೂ ಕೇಳಿದ ಪ್ರಶ್ನೆಗೂ ಸಂಬಂಧವೇ ಇಲ್ಲ. 'ಕೊಮೀಯಾ' ಬರೋದು ಬೇರು ಮರೆತು ಅಲ್ಲ ಸ್ವಾಮಿ, ತಲೆಯೊಳಗೆ ಕನ್ನಡ ಓಡ್ತಿರೋದರಿಂದ. 'ಆಗೆಲ್ಲ ದಿನಾ ಕಾಫಿ ತಗೋತಿದ್ದೆ', 'ದುಡ್ಡಿದ್ದಿದ್ರೆ ಕಾರು ತಗೋತಿದ್ದೆ', 'ಹೋದ ತಿಂಗಳೇ ಗೊತ್ತಾಗಿದ್ರೆ ತಗೋತಿದ್ದೆ'. ನಮಗೆ ಮೂರಕ್ಕೂ ಒಂದೇ 'ತಗೋತಿದ್ದೆ'. ಸ್ಪ್ಯಾನಿಷ್‌ಗೆ ಮೂರೂ ಬೇರೆ: ಕೊಂಪ್ರಾಬಾ, ಕೊಂಪ್ರರೀಯಾ, ಅಬ್ರೀಯಾ ಕೊಂಪ್ರಾದೊ. ಹನ್ನೆರಡು ಬೇರನ್ನ ತೊಂಬತ್ತು ಸೆಕೆಂಡಲ್ಲಿ ಬರೆಯೋರೂ ಇಲ್ಲಿ ಬೀಳ್ತಾರೆ, ಯಾಕಂದ್ರೆ ಯಾವುದು ಬೇಕು ಅನ್ನೋದೇ ಗೊತ್ತಿರಲ್ಲ.

ಮಾಡಬೇಕಾದ್ದು ಇಷ್ಟು. '-ತಿದ್ದೆ', '-ತಿದ್ದ', '-ತಿದ್ರು' ಇರೋ 40 ಕನ್ನಡ ವಾಕ್ಯ ಬರ್ಕೊಳ್ಳಿ. ಮುಂದೆ 'ಆಗೆಲ್ಲ' ಇಟ್ಟರೆ ಒಪ್ಪುತ್ತಾ? ಇಂಪರ್ಫೆಕ್ಟ್. 'ಇದ್ದಿದ್ರೆ' ಇಟ್ಟರೆ ಒಪ್ಪುತ್ತಾ? ಕಂಡಿಷನಲ್. ಸಮಯ ಮುಗಿದುಹೋಗಿ ಇನ್ನು ಏನೂ ಮಾಡಕ್ಕಾಗಲ್ಲ ಅಂತಿದ್ರೆ 'ಅಬ್ರೀಯಾ' ಹಾಕಿ. ದಿನಕ್ಕೆ ಎಂಟು ವಾಕ್ಯದಂತೆ ಐದು ದಿನ.

ಇನ್ನೊಂದು ನಮ್ಮ 'ಅಂತ'. 'ಬರ್ತೀನಿ ಅಂದ' ಅಂತ ಹೇಳೋ ನಾಲಿಗೆ 'ದಿಹೊ ಕೆ ಬೆಂದ್ರಾ' ಅಂತ ಭವಿಷ್ಯತ್ತಲ್ಲೇ ಅಂದುಬಿಡುತ್ತೆ. ಅವನು ಬರೋ ದಿನ ಇನ್ನೂ ಮುಂದಿದ್ರೆ ಅದು ಸರಿಯೇ. ಆ ದಿನ ಕಳೆದಿದ್ರೆ 'ಬೆಂದ್ರೀಯಾ' ಬೇಕೇ ಬೇಕು. ವೆನಿಜುವೆಲಾದ ಆಂದ್ರೇಸ್ ಬೆಯ್ಯೊ 1847ರ ವ್ಯಾಕರಣದಲ್ಲಿ ಕಂಡಿಷನಲ್‌ಗೆ 'ಪೊಸ್‌ಪ್ರೆತೆರಿತೊ' ಅಂತ ಹೆಸರಿಟ್ಟಿದ್ದು ಇದಕ್ಕೇ: ಭೂತದ ಒಂದು ಬಿಂದುವಿನಿಂದ ಮುಂದೆ ನೋಡೋದು. ಮೆಕ್ಸಿಕೋದ ಪುಸ್ತಕಗಳಲ್ಲಿ ಈಗಲೂ ಅದೇ ಹೆಸರು.

ಮ್ಯಾಡ್ರಿಡ್_ಕಿವಿ: 'ಕೊಂಪ್ರಾಬಾ' ಪೂರ್ತಿ ತಪ್ಪು ಅನ್ನಬೇಡಿ. ಸ್ಪೇನ್‌ನಲ್ಲಿ ಆಡುಮಾತಿನಲ್ಲಿ 'ಸೀ ತುಬಿಯೆರಾ ದಿನೆರೊ, ಮೆ ಕೊಂಪ್ರಾಬಾ ಉನ್ ಕೊಚೆ' (ದುಡ್ಡಿದ್ದಿದ್ರೆ ಕಾರು ತಗೋತಿದ್ದೆ) ಅಂತ ಎಷ್ಟು ಬೇಕಾದರೂ ಕೇಳಿಸುತ್ತೆ. ನಮ್ಮ 'ತಗೋತಿದ್ದೆ' ಥರಾನೇ. ತಲೆ ಕೆಡಿಸಿಕೊಳ್ಳದೆ ಮಾತಾಡಿ.

ಹನ್ನೆರಡು_ಬೇರು: ಪರೀಕ್ಷೆಗೆ ಕೂರುವವರಿಗೆ ಹೇಳೋ ಮಾತಾ ಇದು? ಬಿ1ರಲ್ಲಿ ಓದು ಮತ್ತು ಬರವಣಿಗೆ ಒಂದು ಗುಂಪು, ಆಲಿಸೋದು ಮತ್ತು ಮಾತು ಇನ್ನೊಂದು. ಎರಡರಲ್ಲೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ 29 ಬಂದು ಇನ್ನೊಂದರಲ್ಲಿ 45 ಬಂದರೂ ಫೇಲೇ. ಬೀದಿ ಮಾತನ್ನ ಉತ್ತರಪತ್ರಿಕೆಗೆ ತರೋದು ನಷ್ಟದ ಬಾಬತ್ತು. ಹಾಗಂದ್ರೆ ಉತ್ತರ ಸ್ಪೇನ್‌ನ ಬಿಲ್ಬಾವೊ, ಬುರ್ಗೋಸ್ ಕಡೆ 'ಸೀ ತುಬಿಯೆರಾ' ಬದಲು 'ಸೀ ತೆಂದ್ರೀಯಾ' ಅಂತಾರಲ್ಲ, ಅದನ್ನೂ ಬರೀತೀರಾ? ನಿಯಮ ಒಂದೇ: 'ಸೀ' ಆದ ಮೇಲೆ '-ರೀಯಾ' ಬರೋ ಹಾಗಿಲ್ಲ. ಎಂದಿಗೂ ಇಲ್ಲ.

ತಿದ್ದೆ_ತಿದ್ದೆ: 'ಎಂದಿಗೂ' ಅನ್ನೋ ಪದ ವಾಪಸ್ ತಗೊಳ್ಳಿ. 'ನೊ ಸೆ ಸೀ ಬೆಂದ್ರೀಯಾ' ಅಪ್ಪಟ ಸರಿ ವಾಕ್ಯ: ಬರ್ತಿದ್ದನೋ ಇಲ್ವೋ ಗೊತ್ತಿಲ್ಲ. ಕನ್ನಡದಲ್ಲಿ '-ರೆ' ಬಂದರೆ ಆ 'ಸೀ' ಮುಂದೆ ಕಂಡಿಷನಲ್ ನಿಷಿದ್ಧ, '-ಓ' ಬಂದರೆ ನಡೆಯುತ್ತೆ. ಅರ್ಧ ನಿಯಮ ಬಾಯಿಪಾಠ ಮಾಡಿಸಿ ಮಂದಿಯನ್ನ ಹಾಳು ಮಾಡೋದು ಹೀಗೇ.

ಹನ್ನೆರಡು_ಬೇರು: '-ಓ' ಮಾತು ಒಪ್ಪಿದೆ. ಹಾಳು ಮಾಡೋ ಮಾತು ಒಪ್ಪಲ್ಲ. ಬೇರು ಗೊತ್ತಿಲ್ಲದೆ ನಿಮ್ಮ ನಲವತ್ತು ವಾಕ್ಯದಲ್ಲಿ 'ತೆನೆರೀಯಾ', 'ಪೊನೆರೀಯಾ' ಅಂತಲೇ ಬರೆಯೋದು.

ಬಂಡಿ_ಱ: ಇಬ್ಬರೂ ಬಾಯಿ ಮರೆತಿದ್ದೀರಿ. 'ಕೆರೀಯಾ' ಅಂದ್ರೆ ಬಯಸ್ತಿದ್ದೆ, 'ಕೆಱೀಯಾ' ಅಂದ್ರೆ ಬಯಸಿಯೇನು. ವ್ಯತ್ಯಾಸ 'ರ' ಒಂದರಲ್ಲೇ. ಹಳಗನ್ನಡಕ್ಕೂ ಈ ಭೇದ ಇತ್ತು: 'ಅರಿ' ಶತ್ರು, 'ಅಱಿ' ತಿಳಿ. ಆ ಅಕ್ಷರ ಬಿಟ್ಟ ಮೇಲೆ ನಮ್ಮ ಕಿವಿಯೂ ಅದನ್ನ ಬಿಟ್ಟಿದೆ. ನಾಲಿಗೆ ತುದಿ ಮೇಲು ಹಲ್ಲಿನ ಹಿಂದಿನ ದಿಣ್ಣೆಗೆ ಸಡಿಲವಾಗಿ ತಾಗಬೇಕು, ಉಸಿರು ಅದನ್ನ ಎರಡು ಮೂರು ಸಲ ಬಡಿಸಬೇಕು. ಬಿಗಿ ಹಿಡಿದರೆ ಒಂದೇ ಬಡಿತ ಆಗಿ ಅರ್ಥ ಇಂಪರ್ಫೆಕ್ಟ್‌ಗೆ ಜಾರುತ್ತೆ. ಏನಾದರೂ ಬೇಕು ಅಂತ ವಿನಯದಿಂದ ಕೇಳಿಕೊಳ್ಳುವಾಗ 'ಕೆಱೀಯಾ' ಬದಲು 'ಮೆ ಗುಸ್ತರೀಯಾ' ಅಥವಾ 'ಕಿಸಿಯೆರಾ' ಅನ್ನಿ, ಈ ಪಜೀತಿ ಇರಲ್ಲ.

ಬರವಣಿಗೆಯಲ್ಲಿ ಇನ್ನೊಂದು ಹಳ್ಳ: 'ಅಬ್ರೀಯಾ' ಎರಡಿದೆ. ಉಚ್ಚಾರದಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ. ಮೂಕ 'ಆಚೆ' (h) ಅಕ್ಷರ ಇದ್ದರೆ 'ಅಬೇರ್'ನ ಕಂಡಿಷನಲ್, ಇಲ್ಲದಿದ್ದರೆ 'ಬಾಗಿಲು ತೆರೀತಿದ್ದ'.

ಪತ್ರಿಕೆ_ಓದು: ಪತ್ರಿಕೆಯ 'ಎಲ್ ಮಿನಿಸ್ತ್ರೊ ಅಬ್ರೀಯಾ ದಿಮಿತೀದೊ' ಯಾರೂ ಹೇಳಲಿಲ್ಲ. 'ಆಗಿದ್ರೆ ರಾಜೀನಾಮೆ ಕೊಡ್ತಿದ್ರು' ಅಂತ ಓದಿದರೆ ಸುದ್ದಿಯೇ ತಿರುಗುಮುರುಗು. ಅದು ನಮ್ಮ 'ಅಂತೆ': ರಾಜೀನಾಮೆ ಕೊಟ್ಟಿದ್ದಾರಂತೆ.

ಹನ್ನೆರಡು_ಬೇರು: ಅದನ್ನ ಓದುವಾಗ ಗುರುತಿಸಿ, ಬರೆಯಬೇಡಿ. ಸ್ಪ್ಯಾನಿಷ್ ಅಕಾಡೆಮಿ ಆ ಬಳಕೆ ಬೇಡ ಅಂತಲೇ ಹೇಳುತ್ತೆ.

ಪತ್ರಿಕೆ_ಓದು: ಲ್ಯಾಟಿನ್ ಅಮೆರಿಕದ ಪತ್ರಿಕೆಗಳು ದಿನಾ ಬರೆಯೋದನ್ನ ಬೇಡ ಅಂದ್ರೆ ಓದುಗ ಏನು ಮಾಡಬೇಕು? ಕೋಷ್ಟಕದವರಿಗೆ ಭಾಷೆ ಅಂದ್ರೆ ಬರೀ ನಿಷೇಧಗಳ ಪಟ್ಟಿ.

ಬಂಡಿ_ಱ: ಜಗಳದ ನಡುವೆ ಕೇಳಿದವರು ಕಳೆದುಹೋದರು. ಎರಡು ಮಾತು. ಕನ್ನಡದಲ್ಲಿ 'ಸಮಸ್ಯೆಗಳು ಇರ್ತಿದ್ದವು' ಅಂತ ಬಹುವಚನ ಇದ್ದರೂ ಸ್ಪ್ಯಾನಿಷ್‌ನಲ್ಲಿ 'ಅಬ್ರೀಯಾ ಮುಚೊಸ್ ಪ್ರೊಬ್ಲೇಮಾಸ್' ಏಕವಚನವೇ, 'ಅಬ್ರೀಯಾನ್' ಬರೆದರೆ ತಪ್ಪು. 'ಒಯೀರ್', 'ರೆಯೀರ್', 'ಫ್ರೆಯೀರ್' ಮೂಲರೂಪದ 'ಇ' ಮೇಲಿರೋ ಗೀಟು ಕಂಡಿಷನಲ್‌ನಲ್ಲಿ ಇಳಿದು ಪ್ರತ್ಯಯದ 'ಈ' ಮೇಲೆ ಕೂರುತ್ತೆ. ಒಂದು ಪದಕ್ಕೆ ಎರಡು ಗೀಟು ಬರಲ್ಲ.

ಜಯನಗರ_ಸಂಜೆ: 'ಆಗೆಲ್ಲ' ಪರೀಕ್ಷೆ ಇವತ್ತಿಂದಲೇ. ಆದರೆ ಈಗ ಹೊಸ ಗೊಂದಲ: 'ಹೋಗಬೇಕಿತ್ತು' ಅನ್ನೋದಕ್ಕೆ 'ದೆಬೀಯಾ'ನೋ 'ದೆಬೆರೀಯಾ'ನೋ?

ತಿದ್ದೆ_ತಿದ್ದೆ: ಹೋಗಲಿಲ್ಲ, ಈಗ ಪೇಚಾಡ್ತಿದ್ದೀರಿ ಅಂದ್ರೆ 'ದೆಬೆರೀಯಾ ಅಬೇರ್ ಇದೊ'. ಆ ಹೊತ್ತಿಗೆ ಹೋಗೋ ಕರ್ತವ್ಯ ಇತ್ತು ಅಷ್ಟೇ ಅಂದ್ರೆ 'ದೆಬೀಯಾ ಇರ್'. ನಾನು, ಅವನು ಇಬ್ಬರಿಗೂ ರೂಪ ಒಂದೇ, 'ಯೊ' (ನಾನು) ಹಾಕೋದು ಮರೀಬೇಡಿ.